ತೊಳೆದಿಟ್ಟ ಬದು

ಆಗುವುದಿಲ್ಲ ಎಂದವರು ನಮ್ಮ ದೊಡ್ಡಪ್ಪ. ನಾನು ಹತ್ತನೆಯ ತರಗತಿ ಪಾಸಾದ ದಿನ ಊರ ಬಸ್ಸಿನ ಕಟ್ಟೆಯ ಮೇಲೆ ಕೂತು, ಕೇಳಿದವರಿಗೂ ಕೇಳದವರಿಗೂ ಹೇಳಿಬಿಟ್ಟರು: "ನಮ್ಮ ಮನಿತನದಾಗ ಡಿಗ್ರಿ ಅನ್ನೋದು ಆಗೂ ಮಾತಲ್ಲ ಬಿಡ್ರಿ. ನಮ್ಮ ಕೈಗಿ ಕೂರಿಗಿ ಒಗ್ಗತದ, ಪೆನ್ನು ಒಗ್ಗಂಗಿಲ್ಲ." ಆಳಂದದಲ್ಲಿ ಬಿ.ಎ. ಮುಗಿಸಿದಾಗಲೂ ಸೋಲು ಒಪ್ಪಲಿಲ್ಲ. "ಆಳಂದದಾಗ ಯಾರ್ ಬೇಕಾದವ್ರು ಪಾಸಾಗ್ತಾರ. ಕಲಬುರ್ಗ್ಯಾಗ ಎಂ.ಎ. ಆಗ್ಲಿ, ಆವಾಗ ನೋಡೂಣು." ಹೀಗೆ ಅನ್ನುತ್ತಲೇ ನನ್ನ ಚೀಲವನ್ನೂ ರೊಟ್ಟಿಯ ಗಂಟನ್ನೂ ಹೊತ್ತು ಬಸ್ಸಿನವರೆಗೆ ಬರುವವರು ಅವರೇ. "ಹುಡುಗೀಗಿ ಕಿಟಕಿ ಕಡಿ ಸೀಟ್ ಕೊಡೋ ಲೇ" ಎಂದು ಕಂಡಕ್ಟರನ ಜೊತೆ ಜಗಳ ತೆಗೆಯುವವರೂ ಅವರೇ.

ಅಪ್ಪ ನಾನು ಚಿಕ್ಕವಳಿದ್ದಾಗಲೇ ತೀರಿಕೊಂಡಿದ್ದ. ಅವ್ವನೂ ನಾನೂ ದೊಡ್ಡಪ್ಪ, ದೊಡ್ಡವ್ವನ ಜೊತೆಗೇ ಇದ್ದೆವು. ಹೊಲ ಒಂದೇ, ಒಲೆ ಒಂದೇ. ಹೊಲ ಇರುವುದು ಕಿಣ್ಣಿ ಸುಲ್ತಾನದ ದಾರಿಗೆ, ಅರ್ಧ ಎರೆಮಣ್ಣು, ಅರ್ಧ ಕಲ್ಲು ಬೆರೆತ ಗರಸು.

ಎಂ.ಎ.ಗೆ ನಾನು ಇತಿಹಾಸ ಮತ್ತು ಪುರಾತತ್ವ ತೆಗೆದುಕೊಂಡೆ. ದೊಡ್ಡಪ್ಪನಿಗೆ ಇದು ಕೊನೆಯವರೆಗೂ ಒಗಟಾಗಿಯೇ ಉಳಿಯಿತು. "ಹಳೇದು ನೋಡಾಕ ಅಷ್ಟು ದೂರ ಯಾಕ ಹೋಗ್ತೀದಿ ಬೇ? ನಾ ಇಲ್ಲೇ ಇದ್ದೇನಲ್ಲ." ಕೊನೆಯ ಸೆಮಿಸ್ಟರಿನಲ್ಲಿ ಒಂದು ಕಿರು ಪ್ರಬಂಧ ಬರೆಯಬೇಕಿತ್ತು. ಪುಸ್ತಕ ನೋಡಿ ಬರೆದದ್ದು ನಡೆಯುವುದಿಲ್ಲ. ಸ್ವತಃ ಹೊರಗೆ ಹೋಗಿ ಕಂಡದ್ದು, ಅಳೆದದ್ದು ಇರಬೇಕು. ಅದಿಲ್ಲದೆ ಪದವಿ ಇಲ್ಲ.

ನನ್ನ ಗೈಡ್ ದಕ್ಷಿಣದ ಕಡೆಯಿಂದ ಬಂದಿದ್ದ ಒಬ್ಬ ಮೇಡಂ. ಮಾತು ಕಡಿಮೆ, ಬಿಸಿಲಿಗೆ ಹೆದರದ ಹೆಂಗಸು. ಅವರು ಒಂದು ದಿನ ತರಗತಿಯಲ್ಲಿ ಹಳೆಯ ಬದುಗಳ ವಿಷಯ ತೆಗೆದರು. ಗುಡಿ ನೋಡಲು ಹೋಗುತ್ತೀರಿ, ಕೋಟೆ ನೋಡಲು ಹೋಗುತ್ತೀರಿ, ನಡುವೆ ಎಷ್ಟು ಹೊಲ ದಾಟಿ ಹೋದಿರಿ ಎಂದು ನೋಡುವುದಿಲ್ಲ, ಎಂದರು. ಹೊಲಗಳ ನಡುವಿನ ಹಳೆಯ ಬದುವಿನ ಮೇಲೆ ತಲೆತಲಾಂತರ ನೇಗಿಲು ಓಡಿದರೆ ಮೇಲಿನ ದಿಬ್ಬ ಕರಗುತ್ತದೆ. ಆದರೆ ಬುಡ ಉಳಿಯುತ್ತದೆ. ಅಂಚಿಗೆ ನಿಲ್ಲಿಸಿದ ಕಲ್ಲು, ನಡುವೆ ಬಡಿದು ಕೂರಿಸಿದ ಹಳ್ಳು ಎಂಬ ಸಣ್ಣ ಕಲ್ಲು, ಮಳೆ ನೀರು ಇಳಿದು ಬರುವ ಬದಿಗೆ ಸೇರಿಕೊಂಡ ದಪ್ಪ ಮಣ್ಣು, ಅದರೊಳಗೆ ಸಿಕ್ಕಿಬಿದ್ದ ಗಡಿಗೆಯ ಚೂರು. ಯಾವ ಚೂರು ಕಲ್ಲಿನ ಕೆಳಗಿತ್ತು, ಯಾವುದು ಮೇಲಿತ್ತು ಎಂಬುದರ ಮೇಲೆ ಆ ಬದುವಿನ ವಯಸ್ಸು ಹೇಳಬಹುದು. ಮೇಲೆ ಬೆಳೆಯುವ ಬೆಳೆಗೂ ಗೊತ್ತಾಗುತ್ತದಂತೆ: ಬೇರು ಇಳಿಯದೆ ಅಷ್ಟು ಸಾಲು ಮಾತ್ರ ತುಸು ಹಳದಿಯಾಗಿ ನಿಲ್ಲುತ್ತದಂತೆ.

ಮೇಡಂ ಇದನ್ನು ಹೇಳುತ್ತಿದ್ದಾಗ ನನ್ನ ಕಣ್ಣ ಮುಂದೆ ಬಂದದ್ದು ದೊಡ್ಡವ್ವನ ಬೆನ್ನು.

ನಮ್ಮ ಕಡೆ ಎಳ್ಳ ಅಮಾವಾಸ್ಯೆಗೆ ಹೊಲಕ್ಕೆ ಹೋಗಿ ಚರಗ ಚೆಲ್ಲುತ್ತಾರೆ. ಸಜ್ಜೆ ರೊಟ್ಟಿ, ಕಡಬು, ಭಜ್ಜಿ, ಅಂಬಲಿ ಎಲ್ಲವನ್ನೂ ತುಸು ತುಸು ಬುಟ್ಟಿಯಲ್ಲಿ ಕಲಸಿ, ಬದುವಿನ ಗುಂಟ ಹೊಲ ಸುತ್ತುತ್ತ ಭೂಮಿಗೆ ಎಡೆ ಹಾಕುತ್ತ ಹೋಗುವುದು. ಎಲ್ಲರ ಮನೆಯವರೂ ತಮ್ಮ ಬದು ಹಿಡಿದೇ ಸುತ್ತುತ್ತಾರೆ. ನಮ್ಮ ದೊಡ್ಡವ್ವ ಮಾತ್ರ ಬಡಗಣ ಬದುವಿನ ಅರ್ಧಕ್ಕೆ ಬಂದು, ಬದು ಬಿಟ್ಟು, ನಿಂತ ಜೋಳದೊಳಗೆ ನುಗ್ಗುತ್ತಿದ್ದಳು. ಒಳಗೊಳಗೇ ಅಷ್ಟು ದೂರ ನೆಟ್ಟಗೆ ನಡೆದು, ಹೊರಳಿ, ಮತ್ತೆ ಬದುವಿಗೆ ಬರುತ್ತಿದ್ದಳು. ಹಿಂದೆ ತಂಬಿಗೆ ಹಿಡಿದು ಹೋಗುತ್ತಿದ್ದ ನನ್ನ ಮುಖಕ್ಕೆ ಜೋಳದ ಗರಿ ರಪರಪ ಬಡಿಯುತ್ತಿತ್ತು. ಯಾಕೆ ಹೀಗೆ ಎಂದು ಕೇಳಿದರೆ, "ನಮ್ಮತ್ತಿ ಹಿಂಗ ನಡೀತಿದ್ಲು. ಆಕಿ ಅತ್ತಿನೂ ಹಿಂಗ ನಡೀತಿದ್ಲಂತ. ನೀ ಬಾಯಿ ಮುಚ್ಕೊಂಡು ನಡಿ ಬೇ, ತಂಬಿಗಿ ತುಳಕ್ತದ" ಎನ್ನುತ್ತಿದ್ದಳು.

ಅಲ್ಲಿ ಒಂದು ಕಾಲದಲ್ಲಿ ಬದು ಇತ್ತೇ? ಬದು ಹೋಗಿ ಬರೀ ನಡಿಗೆ ಉಳಿದಿತ್ತೇ? ಮೇಡಂಗೆ ಹೇಳಿದೆ. ಅವರು ಮೊದಲ ಸಲ ನನ್ನನ್ನು ಸರಿಯಾಗಿ ನೋಡಿದರು. "ಊಹೆ ಚೆನ್ನಾಗಿದೆ. ಮಣ್ಣು ಏನು ಹೇಳುತ್ತೋ ನೋಡಿ" ಎಂದರು.

ಆ ಬೇಸಿಗೆ ದೊಡ್ಡಪ್ಪ ಬಾವಿಯಿಂದ ಹೊಲದ ಆ ಕಡೆಗೆ ಪೈಪ್ ಹಾಕಿಸಲು ಕಾಲುವೆಯಂತೆ ಮಣ್ಣು ತೆಗೆಸಿದ್ದರು. ನಾನು ಊರಿಗೆ ಹೋದ ದಿನವೇ ಹೊಲಕ್ಕೆ ಓಡಿದೆ. ದೊಡ್ಡವ್ವ ಜೋಳದೊಳಗೆ ನುಗ್ಗುತ್ತಿದ್ದ ಸಾಲನ್ನು ಆ ತಗ್ಗು ಅಡ್ಡ ಕೊರೆದಿತ್ತು. ಕೊರೆದ ಗೋಡೆಯಲ್ಲಿ, ಮೊಣಕಾಲಿನಷ್ಟು ಆಳದಲ್ಲಿ, ಅಂಚಿಗೆ ನಿಂತ ಎರಡು ಕಲ್ಲು. ನಡುವೆ ಹಳ್ಳು ತುಂಬಿತ್ತು. ಮೇಲಿನ ಬದಿಗೆ ಮಣ್ಣು ದಪ್ಪ, ಕೆಳಗಿನ ಬದಿಗೆ ತೆಳುವು. ಒಂದು ಗಡಿಗೆ ಚೂರಿನ ಅಂಚು ಹಲ್ಲಿನಂತೆ ಹೊರಗೆ ಚಾಚಿತ್ತು. ನಾನು ಅಲ್ಲೇ ತಗ್ಗಿನಲ್ಲಿ ಕೂತುಬಿಟ್ಟೆ. ಪುಸ್ತಕದಲ್ಲಿ ಓದಿದ್ದು ನಮ್ಮದೇ ಹೊಲದಲ್ಲಿ ಎದ್ದು ಬಂದರೆ ಹೇಗಾಗುತ್ತದೆ ಎಂದು ಹೇಳಲು ನನಗೆ ಈಗಲೂ ಬರುವುದಿಲ್ಲ.

ಆ ಒಂದು ಗೋಡೆಯ ಚಿತ್ರ ಬರೆದುಕೊಂಡೆ, ಮೊಬೈಲಿನಲ್ಲಿ ಫೋಟೋ ತೆಗೆದೆ. ಊರ ಸರ್ವೆ ನಕ್ಷೆಯಲ್ಲಿ ಹುಡುಕಿದರೆ ಅಲ್ಲಿ ಯಾವ ಗೆರೆಯೂ ಇರಲಿಲ್ಲ. ಅಂದರೆ ಆ ನಕ್ಷೆಗಿಂತ ಬದು ಹಳೆಯದು. ಮೇಡಂಗೆ ಫೋನ್ ಮಾಡಿದೆ. "ಯಾರೂ ಕೈ ಹಚ್ಚಬಾರದು. ಭಾನುವಾರ ನಾನೇ ಬರ್ತೀನಿ. ಸಾಲು ಎಲ್ಲಿಂದ ಎಲ್ಲಿಗೆ ಹೋಗುತ್ತೆ ಅಂತ ಮೆಲ್ಲಗೆ ಮಣ್ಣು ಸರಿಸಿ ನೋಡೋಣ, ಅಳೆಯೋಣ. ಇದೇ ನಿಮ್ಮ ಪ್ರಬಂಧ" ಎಂದರು.

ಅಳತೆಯ ಸಾಮಾನು ತರಲು, ಮೇಡಂ ಅವರನ್ನು ಕರೆತರಲು ನಾನು ಕಲಬುರಗಿಗೆ ಹೊರಟೆ. ಹೊರಡುವ ಮುಂಚೆ ದೊಡ್ಡಪ್ಪನನ್ನು ತಗ್ಗಿನ ಹತ್ತಿರ ಕರೆದುಕೊಂಡು ಹೋಗಿ ತೋರಿಸಿದೆ.

"ದೊಡ್ಡಪ್ಪ, ಇದಕ್ಕ ಯಾರೂ ಕೈ ಹಚ್ಚಬಾರದು. ನನ್ನ ಎಂ.ಎ. ಪೂರಾ ಇದರ ಮ್ಯಾಲ ಅದ."

ಅವರು ಕಲ್ಲುಗಳನ್ನೂ ನನ್ನನ್ನೂ ನೋಡಿದರು. "ಈ ಹಾಳ ಕಲ್ಲಿನ ಮ್ಯಾಲ?"

"ಹೌದು."

"ಆಯ್ತು ಬಿಡು. ನೀ ಫಿಕರ್ ಮಾಡಬ್ಯಾಡ. ನಾ ಅದೇನಿ."

ನಾನಿಲ್ಲದಾಗ ನಡೆದದ್ದನ್ನು ಆಮೇಲೆ ಅವ್ವ ಹೇಳಿದಳು. ಯುನಿವರ್ಸಿಟಿಯವರು ಕಾರು ತಗೊಂಡು ಬರುತ್ತಾರೆ ಎಂಬ ಸುದ್ದಿ ಊರು ತುಂಬ ಹರಡಿತ್ತು. ಬರೀ ಕಲ್ಲು ನೋಡಲು ಯಾರು ಕಾರು ತಗೊಂಡು ಬರುತ್ತಾರೆ? ಕಲ್ಲಿನ ಕೆಳಗೆ ಬಂಗಾರ ಇರಬೇಕು ಎಂದು ಹಿಟ್ಟಿನ ಗಿರಣಿಯ ಮುಂದೆ ತೀರ್ಮಾನವಾಯಿತು. ಸಂಜೆ ಯಾರೋ ಇಬ್ಬರು ಕಬ್ಬಿಣದ ಸಲಾಕಿ ಹಿಡಿದು ಹೊಲದ ಕಡೆ ಸುಳಿದಾಡಿದರು. ದೊಡ್ಡಪ್ಪ ಅವರನ್ನು ಬೈದು ಓಡಿಸಿದರು. ಆದರೆ ಅವರ ಮನಸ್ಸಿಗೆ ಸಮಾಧಾನ ಆಗಲಿಲ್ಲ. ಹೊಲದಲ್ಲಿ ಬಿಟ್ಟರೆ ಹುಡುಗಿಯ ಎಂ.ಎ. ಯಾರಾದರೂ ಕದ್ದು ಒಯ್ಯುತ್ತಾರೆ. ಮೇಲಾಗಿ ಬರುವವರು ದೊಡ್ಡ ಮೇಡಂ. ಅವರನ್ನು ಬಿಸಿಲಲ್ಲಿ ಕೂರಿಸಿ ಮಣ್ಣು ಕೆದರಿಸುವುದೇ?

ಅವರು ಓಣಿಯಲ್ಲಿ ಮುಯ್ಯಿ ಹೇಳಿದರು. ಮುಯ್ಯಿ ಎಂದರೆ ಒಬ್ಬರ ಕೆಲಸಕ್ಕೆ ಓಣಿಯೇ ಬಂದು ಮಾಡಿ ಹೋಗುವುದು. ಕೂಲಿ ಇಲ್ಲ, ಊಟ ಮಾತ್ರ. ನಾಳೆ ಅವರ ಕೆಲಸಕ್ಕೆ ನಾವು ಹೋಗುತ್ತೇವೆ. ರಾಶಿಗೆ ಮುಯ್ಯಿ ಹೇಳುತ್ತಾರೆ, ಮಾಳಿಗೆಗೆ ಮಣ್ಣು ಹಾಕಲು ಹೇಳುತ್ತಾರೆ. ಒಂದು ಹುಡುಗಿಯ ಎಂ.ಎ.ಗೆ ಮುಯ್ಯಿ ಹೇಳಿದ್ದು ನಮ್ಮ ಊರಲ್ಲಿ ಅದೇ ಮೊದಲು. ಮನೆಗೊಬ್ಬರಂತೆ ಬಂದರು.

ಭಾನುವಾರ ಮೇಡಂ ಜೊತೆ ಅಂಗಳಕ್ಕೆ ಕಾಲಿಟ್ಟಾಗ ನನಗೆ ಮೊದಲು ಏನೂ ತಿಳಿಯಲಿಲ್ಲ. ಅಂಗಳ ಸಾರಿಸಿ ರಂಗೋಲಿ ಹಾಕಿದ್ದರು. ಗೋಡೆಯ ಗುಂಟ ಕಲ್ಲುಗಳನ್ನು ಸಾಲಾಗಿ ಇಟ್ಟಿದ್ದರು: ದೊಡ್ಡವು ಒಂದು ಕಡೆ, ನಡುವಿನವು ಒಂದು ಕಡೆ, ಹಳ್ಳುಗಳನ್ನು ಕಾಳು ಹಸನು ಮಾಡಿದ ಹಾಗೆ ಹಸನು ಮಾಡಿ ಗುಂಪೆ ಹಾಕಿದ್ದರು. ಎಲ್ಲ ತೊಳೆದಿದ್ದರು. ದೊಡ್ಡ ಕಲ್ಲುಗಳಿಗೆ ದೊಡ್ಡವ್ವ ವಿಭೂತಿ ಎಳೆದಿದ್ದಳು. ಗಡಿಗೆ ಚೂರುಗಳನ್ನು ಹೆಂಗಸರು ಬೂದಿ ಹಚ್ಚಿ ತಿಕ್ಕಿ, ಹೊಸ ಮೊರದಲ್ಲಿ ಹರವಿದ್ದರು. ಫಳಫಳ ಹೊಳೆಯುತ್ತಿದ್ದವು.

ಓಣಿಯವರೆಲ್ಲ ನಿಂತಿದ್ದರು. ದೊಡ್ಡಪ್ಪ ಹೊಸ ಧೋತರ ಉಟ್ಟು ಮುಂದೆ ಬಂದರು. "ಬರ್ರಿ ಮೇಡಂ, ಬರ್ರಿ. ನೀವು ಹೊಲಕ್ಕ ಹೋಗೂದ ಬ್ಯಾಡ್ರಿ, ಎಲ್ಲಾ ಇಲ್ಲೇ ತಂದಿಟ್ಟೇವ್ರಿ."

"ದೊಡ್ಡಪ್ಪ, ಯಾರೂ ಕೈ ಹಚ್ಚಬಾರದು ಅಂದಿದ್ನಲ್ಲ" ಎಂದೆ, ಅಷ್ಟೇ.

"ಬ್ಯಾರೇ ಮಂದಿ ಯಾರೂ ಹಚ್ಚಿಲ್ಲ ಬೇ. ಎಲ್ಲಾ ನಮ್ಮ ಓಣಿಯವರ" ಎಂದರು ದೊಡ್ಡಪ್ಪ. ಎಲ್ಲರೂ ಹೌದೆಂದು ತಲೆಯಾಡಿಸಿದರು.

ಮೇಡಂ ಮೊರದ ಮುಂದೆ ಕೂತು ಒಂದು ಚೂರು ಎತ್ತಿಕೊಂಡರು. ಅದು ಕಲ್ಲಿನ ಕೆಳಗೆ ಸಿಕ್ಕಿತ್ತೋ ಮೇಲೋ, ಈ ತುದಿಗೋ ಆ ತುದಿಗೋ, ಇನ್ನು ಹೇಳುವವರಿಲ್ಲ. ನಾನು ಅವರ ಮುಖ ನೋಡುತ್ತಿದ್ದೆ. ಬೈಯುತ್ತಾರೆ ಎಂದುಕೊಂಡೆ. ಬೈದಿದ್ದರೆ ಒಳ್ಳೆಯದಿತ್ತು.

"ತುಂಬ ಕಷ್ಟಪಟ್ಟಿದ್ದೀರಿ" ಎಂದರು ಅವರು, ದೊಡ್ಡಪ್ಪನಿಗೆ. ಆಮೇಲೆ ಮೆಲ್ಲಗೆ ಕೇಳಿದರು: "ಕೆಳಗಡೆ ಇನ್ನೂ ಏನಾದರೂ ಉಳಿದಿದೆಯಾ, ಯಜಮಾನ್ರೇ?"

ದೊಡ್ಡಪ್ಪನಿಗೆ ಆ ಪ್ರಶ್ನೆಯಲ್ಲಿ ಅನುಮಾನ ಕಂಡಿರಬೇಕು. ಎದೆಯುಬ್ಬಿಸಿ ಹೇಳಿದರು: "ಒಂದು ಹಳ್ಳೂ ಬಿಟ್ಟಿಲ್ರಿ ಮೇಡಂ. ಗರಸು ಹತ್ತೂ ತನಕ ಕೆದರೀವಿ. ತಗ್ಗು ಮುಚ್ಚಿ ಸಮಾನೂ ಮಾಡೀವಿ, ನೀವು ಎಡವಬಾರದಂತ."

ಆಮೇಲೆ ಊಟ. ಮೇಡಂ ಪುಂಡಿ ಪಲ್ಯ ಎರಡನೆಯ ಸಲ ಹಾಕಿಸಿಕೊಂಡರು, ದೊಡ್ಡವ್ವ ಅದನ್ನು ಈಗಲೂ ಹೇಳುತ್ತಾಳೆ. ಹೊರಡುವಾಗ ಕಾರಿನ ಹತ್ತಿರ ನನ್ನೊಬ್ಬಳಿಗೇ ಹೇಳಿದರು: "ಇವು ಈಗ ಕಲ್ಲು, ಅಷ್ಟೇ. ನಿಮ್ಮ ಹತ್ತಿರ ಇರೋದು ಒಂದು ಚಿತ್ರ, ನಾಲ್ಕು ಫೋಟೋ. ಅದರ ಮೇಲೆ ಪ್ರಬಂಧ ನಿಲ್ಲೋದಿಲ್ಲ. ಬೇರೆ ಬದು ಹುಡುಕಿ. ಸಮಯ ಬಹಳ ಇಲ್ಲ."

ಕಾರು ಹೋದ ಮೇಲೆ ದೊಡ್ಡಪ್ಪನಿಗೆ ಹೇಳಿಬಿಡಬೇಕು ಎಂದು ಹೋದೆ. ಕಟ್ಟೆಯ ಮೇಲೆ ಓಣಿಯವರ ಜೊತೆ ಎಲೆ ಅಡಿಕೆ ಹಾಕಿಕೊಂಡು ಕೂತಿದ್ದರು. "ದೊಡ್ಡಪ್ಪ, ಆ ಕಲ್ಲು ಅಲ್ಲೇ ಇರಬೇಕಿತ್ತು" ಎಂದೆ.

"ಹೊಲದಾಗ? ಹೊಲ ಹರಗೂ ಕುಂಟಿಗಿ ಬಡೀತಾವ ಬೇ, ಅಲ್ಲಿ ಇಟ್ಟೇನು ಮಾಡೂದು?"

"ಅಲ್ಲಿ ಇದ್ರ ಅಷ್ಟ ಅದು ಬದು. ಇಲ್ಲಿ ತಂದ್ರ ಬದು ಅಲ್ಲ."

ಪಕ್ಕದ ಮನೆಯ ಮುದುಕಿ ನಕ್ಕಳು. "ನೋಡ್ರಿ, ಓದಿದ ಮ್ಯಾಗ ಹುಡುಗಿ ಹೆಂಗ ಮಾತಾಡಾಕತ್ಯಾಳ! ಕಲ್ಲು ಎಲ್ಲಿದ್ರೂ ಕಲ್ಲೇ ತಾಯಿ." ದೊಡ್ಡಪ್ಪ ಎಲ್ಲರ ಮುಂದೆ ನನ್ನ ಬೆನ್ನು ಚಪ್ಪರಿಸಿದರು. "ನಾಚಿಕೆ ಮಾಡ್ಕೋಬ್ಯಾಡ. ನಮ್ಮ ಮಂದಿ ಮಾಡಿದ್ದು, ಋಣ ಅನ್ಕೋಬ್ಯಾಡ. ಇವ್ರ ರಾಶಿಗಿ ನಾ ಹೋಗ್ತೇನಿ." ಅವರ ಉಗುರಿನ ಸಂದಿಯಲ್ಲಿ ಇನ್ನೂ ಎರೆಮಣ್ಣು ಇತ್ತು. ನಾನು ಎದ್ದು ಒಳಗೆ ಹೋದೆ.

ಆಮೇಲಿನ ವಾರಗಳಲ್ಲಿ ನಾನು ಬಸ್ಸು ಹತ್ತಿ ಅಲೆದದ್ದು ಅಷ್ಟಿಷ್ಟಲ್ಲ. ಅಫಜಲಪುರಕ್ಕೆ ಹೋಗಿ ಅಲ್ಲಿಂದ ಮಣ್ಣೂರಿಗೆ ಹೋದೆ. ಭೀಮಾ ದಂಡೆಯ ಹೊಲಗಳಲ್ಲಿ ಹಳೆಯ ಬದು ಇದ್ದೇ ಇರುತ್ತದೆ ಎಂದು ಯಾರೋ ಹೇಳಿದ್ದರು. ಇದ್ದವಂತೆ. "ಹೋದ ವರ್ಷ ಬಂದಿದ್ರ ತೋರಸ್ತಿದ್ವಿ ತಂಗಿ. ಕಬ್ಬು ಹಚ್ಚಾಕ ಅಡ್ಡ ಬರ್ತಾವಂತ ಜೇಸಿಬಿ ಹಚ್ಚಿ ಸಮ ಮಾಡಿಸ್ಬಿಟ್ವಿ" ಎಂದರು ಅಲ್ಲಿಯ ರೈತರು. ಪಾಪ, ನನ್ನನ್ನು ಬರಿಗೈಲಿ ಕಳಿಸಬಾರದೆಂದು ಒಂದು ಕಬ್ಬು ಮುರಿದು ಕೊಟ್ಟರು. ಕಬ್ಬು ಹಿಡಿದುಕೊಂಡೇ ಬಸ್ಸಿಗೆ ಕಾದೆ.

ಜೇವರ್ಗಿ ಕಡೆ ಒಬ್ಬ ಮುಸ್ಲಿಂ ರೈತರು ತಮ್ಮ ಹೊಲದ ನಡುವೆ ಕಲ್ಲಿನ ಸಾಲು ಇತ್ತು ಎಂದು ಒಪ್ಪಿದರು. ನನಗೆ ಜೀವ ಬಂತು. ಮನೆಗೆ ಕರೆದೊಯ್ದು, ಚಹಾ ಕೊಟ್ಟು, ಹೊಸದಾಗಿ ಕಟ್ಟಿಸಿದ ಕೋಣೆಯ ಬುಡವನ್ನು ಅಂಗೈಯಿಂದ ತಟ್ಟಿ ತೋರಿಸಿದರು. "ಇಲ್ಲಿ ಅದಾವ ನೋಡವ್ವ, ಪಾಯಾದಾಗ. ಬಹಳ ಮಜಬೂತ ಕಲ್ಲು. ನಮ್ಮ ಅಬ್ಬಾ ಹೇಳ್ತಿದ್ರು, ಅದು ಹಳೇ ಹದ್ದು, ಹೊಲದ ಗಡಿ ಅಂತ." ಎಷ್ಟು ಅಕ್ಕರೆಯಿಂದ ಹೇಳಿದರೆಂದರೆ, ಒಳ್ಳೆಯದಾಯಿತು ಎಂದು ನಾನೂ ಹೇಳಿಬಂದೆ.

ಯಾರೂ ಕೆಟ್ಟವರಲ್ಲ. ಹೊಲ ಇರುವುದು ಬಿತ್ತುವುದಕ್ಕೆ. ಯಾರ ಮೇಲೆ ಸಿಟ್ಟು ಮಾಡಲಿ? ಕೈ ಹಾಕಿದ ಕಡೆಯೆಲ್ಲ ಆಗಲೇ ಮುಗಿದಿತ್ತು.

ಕೊನೆಗೆ ಮೇಡಂ ಇದ್ದದ್ದರಲ್ಲೇ ಬರೆಯಿರಿ ಎಂದರು. ಒಂದು ಚಿತ್ರ, ನಾಲ್ಕು ಫೋಟೋ, ದೊಡ್ಡವ್ವನ ನಡಿಗೆ, ಮೂರು ತಾಲೂಕಿನಲ್ಲಿ ಹುಡುಕಿ ಸಿಗದ ಕಥೆ. ಅದನ್ನು ಮುಚ್ಚುಮರೆ ಇಲ್ಲದೆ ಬರೆದೆ. "ಸಾಕ್ಷ್ಯ ಈಗ ಸ್ಥಳದಲ್ಲಿ ಇಲ್ಲ" ಎಂಬ ಸಾಲನ್ನೂ ಸೇರಿಸಿದೆ. ಹೊರಗಿನಿಂದ ಪರೀಕ್ಷೆಗೆ ಬಂದಿದ್ದ ಸರ್ ಅದೇ ಸಾಲಿನ ಮೇಲೆ ಬೆರಳಿಟ್ಟರು.

"ಸ್ಥಳದಲ್ಲಿ ಇಲ್ಲ ಅಂದ್ರೆ ಎಲ್ಲಿದೆ?"

"ನಮ್ಮ ಮನಿ ಅಂಗಳದಾಗ ಅದ ಸರ್. ತೊಳದಿಟ್ಟಾರ."

ಅವರು ನಕ್ಕರು. ನನಗೆ ನಗು ಬರಲಿಲ್ಲ. "ಇದನ್ನ ನಾನು ಬದು ಅಂತ ಒಪ್ಪೋದು ಹೇಗಮ್ಮ? ಇಷ್ಟರಿಂದ ಏನೂ ಸಿದ್ಧ ಆಗೋಲ್ಲ" ಎಂದರು. ಅವರು ಹೇಳಿದ್ದು ಸರಿಯೇ. ನಾನು ಅದನ್ನು ಕಂಡಿದ್ದೇನೆ, ತಗ್ಗಿನಲ್ಲಿ ಕೂತು ಕೈಯಾರೆ ಮುಟ್ಟಿದ್ದೇನೆ. ಆದರೆ ನಾನು ಕಂಡೆ ಎನ್ನುವುದು ಪುರಾವೆ ಅಲ್ಲ. ಪಾಸು ಮಾಡಿದರು. ಮೊದಲ ದರ್ಜೆ ಕೈತಪ್ಪಿತು. ನಮ್ಮ ಹೊಲದ ಬದು ಯಾವ ಪುಸ್ತಕಕ್ಕೂ ಹೋಗುವುದಿಲ್ಲ ಎಂದು ಆ ದಿನ ಗಟ್ಟಿಯಾಯಿತು.

ಆದರೂ ಪಾಸಾದೆ. ಅದನ್ನು ತಗ್ಗಿಸಿ ಹೇಳುವ ಮನಸ್ಸು ನನಗಿಲ್ಲ. ನಮ್ಮ ಮನೆತನದಲ್ಲಿ ಹೆಬ್ಬೆಟ್ಟು ಒತ್ತದೆ ಸಹಿ ಮಾಡಿದ ಮೊದಲ ಹೆಂಗಸು ನಾನು, ಎಂ.ಎ. ಎಂದು ಬರೆದುಕೊಳ್ಳುವ ಮೊದಲ ವ್ಯಕ್ತಿಯೂ ನಾನೇ.

ಆ ವರ್ಷದ ಎಳ್ಳ ಅಮಾವಾಸ್ಯೆಗೆ ಊರಿಗೆ ಹೋದೆ. ದೊಡ್ಡವ್ವ ಚರಗದ ಬುಟ್ಟಿ ಹೊತ್ತು ಮುಂದೆ, ನಾನು ತಂಬಿಗೆ ಹಿಡಿದು ಹಿಂದೆ. ಬಡಗಣ ಬದುವಿನ ಅರ್ಧಕ್ಕೆ ಬಂದಾಗ ನನ್ನ ಕಾಲು ತಾನಾಗಿ ಜೋಳದ ಕಡೆ ಹೊರಳಿತು. ದೊಡ್ಡವ್ವ ಹೊರಳಲಿಲ್ಲ. ಬದುವಿನ ಗುಂಟ ನೆಟ್ಟಗೆ ನಡೆದುಬಿಟ್ಟಳು.

"ದೊಡ್ಡವ್ವ, ಒಳಗ ಹೋಗಂಗಿಲ್ಲೇನು?"

"ಅಲ್ಲೇನದ ಈಗ? ಅಲ್ಲಿದ್ದದ್ದು ಮನಿಗಿ ತಂದೇವಲ್ಲ. ಮುಂಜಾನೆ ಅಂಗಳದಾಗ ಅವಕ್ಕ ಎಡಿ ಹಿಡದೇ ಬಂದೇನಿ" ಎಂದಳು, ತಿರುಗಿಯೂ ನೋಡದೆ. ನಾನು ಅವಳ ಹಿಂದೆ ನೆಟ್ಟಗೆ ನಡೆದೆ. ಮುಖಕ್ಕೆ ಗರಿ ಬಡಿಯಲಿಲ್ಲ. ಬಾ ಎಂದು ಕೈ ಹಿಡಿದು ಎಳೆಯಬಹುದಿತ್ತು. ಆದರೆ ನಾನು ಹೇಳಿ ನಡೆಸಿದರೆ ಅದು ನನ್ನ ನಡಿಗೆಯಾಗುತ್ತಿತ್ತು, ಅವಳ ಅತ್ತೆಯದಾಗುತ್ತಿರಲಿಲ್ಲ.

ಅಂಗಳದ ಕಲ್ಲುಗಳೂ ಅಷ್ಟು ಹೊತ್ತಿಗೆ ಕರಗುತ್ತಿದ್ದವು. ಒಂದು ಬಟ್ಟೆ ಒಗೆಯುವ ಕಲ್ಲಾಗಿತ್ತು. ಎರಡು ನೀರಿನ ಟಾಕಿಯ ಕೆಳಗೆ ಹೋಗಿದ್ದವು. ಹಳ್ಳುಗಳನ್ನು ದನದ ಕೊಟ್ಟಿಗೆಯ ಕೆಸರಿಗೆ ಹಾಕಿದ್ದರು. ಉಳಿದವನ್ನು ಊರಿಗೆ ಬಂದ ಬೀಗರಿಗೆಲ್ಲ ದೊಡ್ಡಪ್ಪ ತೋರಿಸುತ್ತಿದ್ದರು: "ನಮ್ಮ ಹುಡುಗಿ ಎಂ.ಎ. ಪಾಸಾದ ಕಲ್ಲು ಇವ."

ಘಟಿಕೋತ್ಸವ ಮುಗಿದು ಸರ್ಟಿಫಿಕೇಟ್ ಕೈಗೆ ಬಂದಾಗ ಬಿಸಿಲು ಶುರುವಾಗಿತ್ತು. ಪ್ಲಾಸ್ಟಿಕ್ ಹಾಳೆಯಲ್ಲಿ ಸುತ್ತಿ, ಎದೆಗೆ ಅವಚಿಕೊಂಡು, ಕಲಬುರಗಿಯಿಂದ ಊರವರೆಗೆ ಬಸ್ಸಿನಲ್ಲಿ ನಿಂತೇ ಬಂದೆ. ದೊಡ್ಡಪ್ಪ ಹೊರಗಿನಿಂದ ಆಗಷ್ಟೇ ಬಂದು ಕೈಕಾಲು ತೊಳೆಯುತ್ತಿದ್ದರು. ಮೈಯೆಲ್ಲ ಮಣ್ಣು. ಕೈಯನ್ನು ಧೋತರಕ್ಕೆ ಎರಡೂ ಕಡೆ ಒರೆಸಿಕೊಂಡು, ಬಾಗಿಲ ಬೆಳಕಿಗೆ ಬಂದು ನಿಂತರು. ನಾನು ಅವರ ಪಾದ ಮುಟ್ಟಿ, ಸರ್ಟಿಫಿಕೇಟನ್ನು ಅವರ ಕೈಗಿಟ್ಟೆ. ಅವರಿಗೆ ಓದಲು ಬರುವುದಿಲ್ಲ. ನನ್ನ ಹೆಸರು ಎಲ್ಲಿದೆ ಎಂದು ಕೇಳಿದರು, ತೋರಿಸಿದೆ. ಅದರ ಮೇಲೆ, ಮುಟ್ಟದ ಹಾಗೆ, ಬೆರಳನ್ನು ಆಡಿಸಿದರು.

"ಬಾವಿ ಕಡಿ ಇನ್ನೊಂದು ಸಾಲು ಸಿಕ್ಕಿತ್ತು ಬೇ," ಎಂದರು. "ನೀ ಬರೂದ್ರಾಗ ಅಂತ ಓಣಿಯವ್ರೆಲ್ಲಾ ಕೂಡಿ ಅದನ್ನೂ ತಗದು, ತೊಳದು ಇಟ್ಟೇವಿ. ಪಿಎಚ್‌ಡಿಗಿ ಬೇಕಾಗ್ತದಲ್ಲ."